ಬಾಡಿಗೆಗೆ ಸಿಗುವ ಆನ್ ಜುಂಗ್-ಗುನ್ ಫಲಕಗಳು: ತೂಗುಹಾಕುವ ಮೊದಲು ತಿದ್ದಬೇಕಾದ್ದು

ಉಡುಪಿಯ ಡಿಟಿಪಿ ಅಂಗಡಿಯೊಂದು ಶಾಲೆ ಕಾಲೇಜುಗಳ ಇತಿಹಾಸ ಸಂಘಕ್ಕೆಂದು ಬಾಡಿಗೆಗೆ ಕೊಡುವ ಫಲಕಗಳಲ್ಲಿ ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಆನ್ ಜುಂಗ್-ಗುನ್ ಅವರದ್ದೂ ಒಂದು ಸೆಟ್ ಇದೆ. ಒಟ್ಟು 12 ಫಲಕ, ಒಂದೊಂದೂ 2 ಅಡಿಗೆ 3 ಅಡಿ, ರಿಕ್ಷಾದಲ್ಲೇ ತರಬಹುದು. ತರಿಸಿಕೊಳ್ಳಿ, ಆದರೆ ತಂದ ಹಾಗೇ ತೂಗುಹಾಕಬೇಡಿ.

ಆರಂಭ ಚೆನ್ನಾಗಿದೆ. 1879ರಲ್ಲಿ ಹೇಜುವಿನಲ್ಲಿ ಹುಟ್ಟಿದ ಮಗುವಿನ ಮೈಮೇಲಿದ್ದ ಏಳು ಮಚ್ಚೆಯನ್ನು ಸಪ್ತರ್ಷಿ ಮಂಡಲಕ್ಕೆ ಹೋಲಿಸಿ ಉಂಗ್-ಚಿಲ್ ಎಂದು ಕರೆದದ್ದು (ಚಿಲ್ ಅಂದರೆ ಏಳು), ಮುಂದೆ ಶಾಲೆ ನಡೆಸಿದ್ದು, ಅದನ್ನು ಬಿಟ್ಟು ಬಂದೂಕು ಹಿಡಿದದ್ದು, ಎಲ್ಲ ಸರಾಗವಾಗಿ ಬಂದಿದೆ.

ಎಡವಿರುವುದು ನಾಲ್ಕನೆಯ ಫಲಕದಲ್ಲಿ. ಆನ್ ಗುಂಡಿಗೆ ಬಲಿಯಾದ ಇಟೋ ಹಿರೋಬುಮಿಯನ್ನು ‘ಜಪಾನಿನ ಪ್ರಧಾನಿ’ ಎಂದು ಬರೆದಿದ್ದಾರೆ. ಆತ ಜಪಾನಿನ ಮೊದಲ ಪ್ರಧಾನಿ, ನಿಜ. 1909ರ ಜೂನ್‌ವರೆಗೆ ಕೊರಿಯಾದಲ್ಲಿ ಜಪಾನಿನ ರೆಸಿಡೆಂಟ್ ಜನರಲ್, ಅಂದರೆ ಅಲ್ಲಿ ಜಪಾನಿನ ಪರವಾಗಿ ಅಧಿಕಾರ ನಡೆಸುವ ಮುಖ್ಯಸ್ಥ. ಅಕ್ಟೋಬರ್ ಹೊತ್ತಿಗೆ ಪ್ರಧಾನಿಯಲ್ಲ, ಚಕ್ರವರ್ತಿಗೆ ಸಲಹೆ ಕೊಡುವ ಪ್ರಿವಿ ಕೌನ್ಸಿಲ್‌ನ ಅಧ್ಯಕ್ಷ. ಅದೇ ಫಲಕ ಕೊರಿಯಾ ಆಗಲೇ ಜಪಾನಿನ ಪಾಲಾಗಿತ್ತು ಎನ್ನುತ್ತದೆ. 1905ರ ಒಪ್ಪಂದ ಕಿತ್ತುಕೊಂಡದ್ದು ವಿದೇಶಾಂಗ ವ್ಯವಹಾರವನ್ನು. ದೇಶವನ್ನೇ ಸೇರಿಸಿಕೊಂಡದ್ದು 1910ರ ಆಗಸ್ಟ್‌ನಲ್ಲಿ, ಆನ್ ಗಲ್ಲಿಗೇರಿದ ಮೇಲೆ. ಎರಡೂ ಸಾಲಿನ ಮೇಲೆ ಮ್ಯಾಟ್ ಸ್ಟಿಕ್ಕರ್ ಅಂಟಿಸಿದರೆ ಸಾಕು. ಸೆಲ್ಲೋಟೇಪ್ ಬೇಡ, ತೆಗೆಯುವಾಗ ಮುದ್ರಣವೂ ಎದ್ದು ಬರುತ್ತದೆ.

1909ರ ಅಕ್ಟೋಬರ್ 26, ಆನ್ ಇಟೋಗೆ ಗುಂಡಿಟ್ಟ ಚೀನಾದ ಹಾರ್ಬಿನ್ ರೈಲು ನಿಲ್ದಾಣ: ಇದೊಂದಕ್ಕೇ ಮೂರು ಫಲಕ. ಒಂದು ಸಾಕಿತ್ತು. ಮದನ್‌ಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಗೆ ಗುಂಡಿಟ್ಟದ್ದೂ ಅದೇ ವರ್ಷ, ಜುಲೈ 1ರಂದು. ನಮ್ಮ ಮಕ್ಕಳಿಗೆ ಕಾಲ ಹಿಡಿಯಲು ಆ ಒಂದು ಸಾಲು ಸೇರಿಸಬಹುದಿತ್ತು.

ಅಲ್ಲಿ ಪೋಲಾದ ಜಾಗ ಸಿಗಬೇಕಿದ್ದದ್ದು ಆನ್‌ರನ್ನು ಇಟ್ಟಿದ್ದ ಲುಷುನ್ ಸೆರೆಮನೆಗೆ (ಲುಷುನ್ ಆಗ ಜಪಾನಿನ ಹಿಡಿತದಲ್ಲಿದ್ದ ಚೀನಾದ ಬಂದರು). ತಾನು ಕೊಲೆಗಾರನಲ್ಲ, ಸೈನಿಕ, ಯುದ್ಧಕೈದಿಯಾಗಿ ನೋಡಿ ಎಂದು ಆನ್ ವಾದಿಸಿದ್ದು, ಇಟೋ ಮೇಲೆ 15 ಆರೋಪ ಹೊರಿಸಿದ್ದು, ಪೂರ್ವ ಏಷ್ಯಾದ ಶಾಂತಿಯ ಬಗ್ಗೆ ಬರೆಯಲು ಕುಳಿತದ್ದು ಎಲ್ಲ ಅಲ್ಲೇ. ಆ ಬರಹ ಮುಗಿಯುವ ಮೊದಲೇ, 1910ರ ಮಾರ್ಚ್ 26ರಂದು, ಗಲ್ಲಿಗೇರಿಸಿದರು. ಇಷ್ಟೆಲ್ಲ ಒಂದೇ ಫಲಕದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ತುರುಕಿದ್ದಾರೆ.

ಹತ್ತನೆಯದನ್ನು ಹತ್ತಿರದಿಂದ ನೋಡಿ. ಸೆರೆಯಲ್ಲಿ ಬರೆದ ಕುಂಚಬರಹಗಳಿಗೆ ಆನ್ ಮುದ್ರೆಯಾಗಿ ಒತ್ತಿದ್ದು ತನ್ನ ಎಡ ಅಂಗೈಯನ್ನು. 1909ರ ಆರಂಭದಲ್ಲಿ ಸಂಗಾತಿಗಳ ಜೊತೆ ಪ್ರತಿಜ್ಞೆ ಮಾಡಿ ಉಂಗುರ ಬೆರಳಿನ ತುದಿ ಕತ್ತರಿಸಿಕೊಂಡಿದ್ದರಿಂದ ಅದು ಕಿರುಬೆರಳಿನ ಮಟ್ಟಕ್ಕೇ ನಿಂತಿದೆ. ಹೆಬ್ಬೆರಳು ನೋಡುವವರ ಬಲಕ್ಕಿರಬೇಕು, ಇಲ್ಲಿ ಎಡಕ್ಕಿದೆ. ಲೇಔಟ್ ಮಾಡುವಾಗ ಚಿತ್ರವನ್ನು ಮಗುಚಿಬಿಟ್ಟಿದ್ದಾರೆ, ಎಡಗೈ ಬಲಗೈಯಾಗಿದೆ! ಸ್ಟಿಕ್ಕರ್‌ನಿಂದ ಸರಿಹೋಗದು, ಹೊಸದಾಗಿ ಮುದ್ರಿಸಿಕೊಡಲು ಹೇಳಿ. ಫೈಲ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಚಿತ್ರರೂಪಕ್ಕೆ) ಬದಲಿಸಿಯೇ ಪ್ರಿಂಟ್‌ಗೆ ಕಳಿಸಲಿ. ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ಹೋದಲ್ಲೆಲ್ಲ ಒತ್ತಕ್ಷರ ಕಳಚಿಕೊಂಡಿದೆ.

ಫಲಕದ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) 3 ಮಿಮೀ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟರೆ ಬಿಲ್ಲಿನಂತೆ ಬಾಗುತ್ತದೆ, ಮರುಮುದ್ರಣ 5 ಮಿಮೀಯಲ್ಲಿರಲಿ. ಸುಣ್ಣದ ಗೋಡೆಯಲ್ಲಿ ಡಬಲ್ ಟೇಪ್ ಪುಡಿಯನ್ನಷ್ಟೇ ಹಿಡಿದುಕೊಳ್ಳುತ್ತದೆ, ಬೆಳಗಾಗುವಾಗ ಫಲಕ ನೆಲದ ಮೇಲೆ. ಕಿಟಕಿ ಸರಳಿಗೆ ನೈಲಾನ್ ದಾರದಲ್ಲಿ ಕಟ್ಟಿ.

ಕೊನೆಯ ಫಲಕದಲ್ಲಿ ಸಿಯೋಲ್‌ನ ಹ್ಯೋಚಾಂಗ್ ಪಾರ್ಕಿನ ಚಿತ್ರವಿದೆ, ಕೆಳಗೆ ‘ಆನ್ ಸಮಾಧಿ’ ಎಂದಿದೆ. ದೇಹ ಇವತ್ತಿಗೂ ಸಿಕ್ಕಿಲ್ಲ; ಮೂವರು ಹೋರಾಟಗಾರರ ಸಮಾಧಿಗಳ ಪಕ್ಕದಲ್ಲಿ ಆನ್‌ಗಾಗಿ ಕಾದಿಟ್ಟ ಬರಿದಾದ ಸಮಾಧಿ ದಿಬ್ಬ ಅದು. ‘ಖಾಲಿ ಸಮಾಧಿ’ ಎಂದು ಇನ್ನೊಂದು ಸ್ಟಿಕ್ಕರ್ ಮಾಡಿಸಿಕೊಳ್ಳಿ.