ಕೆಲಸ ಕೈತಪ್ಪಿದ ಮರುದಿನ: ನಾನು ಕಂಡ ಮೂರು ಸೇವೆಗಳ ಹೋಲಿಕೆ

ಮನಸ್ಸಿನ ಕಾಯಿಲೆಯಿಂದ ಆರು ವರ್ಷ ಕೆಲಸವಿಲ್ಲದೆ ಕೂತವನು ನಾನು. ಎರಡು ಸಲ ಆಸ್ಪತ್ರೆ, ಉಳಿದಂತೆ ಮನೆಯ ಒಂದೇ ಕೋಣೆ. ಮತ್ತೆ ನನ್ನ ಕಾಲ ಮೇಲೆ ನಿಲ್ಲಬೇಕು ಅಂತ ಹೊರಟಾಗ ನನ್ನಂಥವರಿಗೆ ಕೆಲಸ ಹಿಡಿಯಲು ನೆರವಾಗುವ ಮೂರು ಬಾಗಿಲು ಒಂದಾದ ಮೇಲೊಂದರಂತೆ ತಟ್ಟಿದೆ: ತರಬೇತಿ ಕೇಂದ್ರ, ಕ್ಲಬ್‌ಹೌಸ್, ಐಪಿಎಸ್. ಮೂರೂ ಕಡೆಯಿಂದ ಕೆಲಸ ಸಿಕ್ಕಿತು, ಮೂರೂ ಸಲ ಕೈಬಿಟ್ಟಿತು. ಹಾಗಾಗಿ ಕೆಲಸ ಕೊಡಿಸಿದವರು ಯಾರು ಅಂತ ನೋಡಿದರೆ ನನಗೆ ಲೆಕ್ಕ ಬಗೆಹರಿಯುವುದಿಲ್ಲ. ಕೆಲಸ ಹೋದ ಮರುದಿನ ಯಾರು ಏನು ಮಾಡಿದರು ಅನ್ನುವುದರ ಮೇಲೆ ಅಳೆಯುತ್ತೇನೆ.

ತರಬೇತಿ ಕೇಂದ್ರದ್ದು ಹಳೆಯ ದಾರಿ. ಮೊದಲು ಕಲಿ, ತಯಾರಾಗು, ಕೆಲಸದ ಮಾತು ಆಮೇಲೆ. ಉದ್ದನೆಯ ಮೇಜು, ಎಡಕ್ಕೆ ಸ್ಕ್ರೂ ಡಬ್ಬ, ಬಲಕ್ಕೆ ಪ್ಲಾಸ್ಟಿಕ್ ಚೀಲ. ಎಂಟು ಸ್ಕ್ರೂ, ಎಂಟು ವಾಷರ್, ಚೀಲದ ಬಾಯಿಗೆ ಸೀಲ್, ಮುಂದಿನದು. ಗೋಡೆಯ ಮೇಲೆ ಎಲ್ಲರ ಹೆಸರಿನ ಚಾರ್ಟು: ಸಮಯಪಾಲನೆ, ಏಕಾಗ್ರತೆ, ಶುಚಿ, ಸಿಟ್ಟು ತಡೆಯುವುದು. ಪ್ರತಿಯೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ. ಎಲ್ಲದರಲ್ಲೂ ನಾಲ್ಕು ದಾಟಿದವನು 'ಕೆಲಸಕ್ಕೆ ಸಿದ್ಧ'. ನನ್ನ ಪಕ್ಕ ಕೂರುತ್ತಿದ್ದವರು ಒಂಬತ್ತು ವರ್ಷದಿಂದ ಸಿದ್ಧರಾಗುತ್ತಲೇ ಇದ್ದರು.

ಸುಳ್ಳು ಯಾಕೆ ಹೇಳಲಿ, ಬೆಳಗ್ಗೆ ಎದ್ದು ಸ್ನಾನ ಮಾಡಿ ಹೊರಡುವ ರೂಢಿ ವಾಪಸ್ ಬಂದದ್ದು ಅಲ್ಲೇ. ಹನ್ನೊಂದು ತಿಂಗಳಿಗೆ ನಾನೂ ನಾಲ್ಕು ದಾಟಿದೆ, ಒಂದು ಗೋದಾಮಿಗೆ ಕಳಿಸಿದರು. ಅಲ್ಲಿ ಸ್ಕ್ರೂ ಇರಲಿಲ್ಲ. ಕೈಯಲ್ಲಿ ಸ್ಕ್ಯಾನರ್, ತಲೆಯ ಮೇಲೆ ಮೈಕಿನ ಕೂಗು, ಬೆಳಗಿನ ಆರಕ್ಕೆ ಶಿಫ್ಟು. ಮೇಜಿನ ಮುಂದೆ ಕಲಿತದ್ದರಲ್ಲಿ ಒಂದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಮೂರು ವಾರಕ್ಕೆ ಬಿಟ್ಟೆ. ವಾಪಸ್ ಹೋದಾಗ ಬೋಧಕರು "ಇನ್ನೂ ತಯಾರಾಗಿರಲಿಲ್ಲ ನೋಡು" ಅಂದು ಅದೇ ಸ್ಕ್ರೂ ಡಬ್ಬ ಮುಂದೆ ಸರಿಸಿದರು. ಚಾರ್ಟಿನಲ್ಲಿ ನನ್ನ ಸಾಲು ಒರೆಸಿ ಹೊಸದಾಗಿ ಶುರು ಮಾಡಿದ್ದರು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಎಲ್ಲರಿಗೂ ಮುಕ್ತವಾದ ದುಡಿಮೆಯ ಜಾಗದಲ್ಲೇ ಕೆಲಸದ ಹಕ್ಕಿದೆ ಅನ್ನುತ್ತದೆ. ಅದನ್ನು ಓದಿದ್ದು ಆ ಮೇಜಿನಿಂದ ಎದ್ದು ಎಷ್ಟೋ ದಿನವಾದ ಮೇಲೆ.

ಕ್ಲಬ್‌ಹೌಸ್ ಬೇರೆಯೇ ಲೋಕ. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಕೆಲವರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿಕೊಂಡ ಗುಂಪು, 1948ರಲ್ಲಿ ಫೌಂಟನ್ ಹೌಸ್ ಆಯಿತು. ಉಳಿದ ಕ್ಲಬ್‌ಹೌಸ್‌ಗಳೆಲ್ಲ ಅದರ ಮಕ್ಕಳು. ಅಲ್ಲಿ ನೀವು ರೋಗಿಯಲ್ಲ, ಸದಸ್ಯ. ಬೆಳಗ್ಗೆ ಸಭೆ ಸೇರಿ ಆ ದಿನದ ಕೆಲಸ ಹಂಚಿಕೊಳ್ಳುತ್ತೇವೆ. ಸಿಬ್ಬಂದಿಯ ಕೈಯಲ್ಲೂ ಪೊರಕೆ, ನಮ್ಮ ಕೈಯಲ್ಲೂ ಪೊರಕೆ. ನನ್ನ ಪಾಲಿಗೆ ಫೋನ್ ಬಂತು. ಮೊದಲ ದಿನ ಮೂರು ಕರೆ ಎತ್ತಿ, ಮೂರಕ್ಕೂ ತಪ್ಪು ಉತ್ತರ ಕೊಟ್ಟೆ. ಯಾರೂ ಅಂಕ ಹಾಕಲಿಲ್ಲ.

ಹೊರಗಿನ ಕೆಲಸಕ್ಕೆ ಅವರದ್ದೊಂದು ಜಾಣ ಏರ್ಪಾಡು. ಯಾವುದೋ ಕಂಪನಿಯಲ್ಲಿ ಒಂದು ಕೆಲಸದ ಜಾಗ ಕ್ಲಬ್ಬಿನದ್ದಾಗಿರುತ್ತದೆ, ಸದಸ್ಯರು ಸರದಿಯಲ್ಲಿ ಹೋಗುತ್ತಾರೆ. ಅರ್ಧ ದಿನದ ಕೆಲಸ, ಆರರಿಂದ ಒಂಬತ್ತು ತಿಂಗಳು, ಸಂಬಳ ಕಂಪನಿಯೇ ಕೊಡುತ್ತದೆ, ಸಂದರ್ಶನದ ಗೋಜಿಲ್ಲ. ಸಿಬ್ಬಂದಿಯಲ್ಲೊಬ್ಬರು ಮೊದಲು ತಾವೇ ಕೆಲಸ ಕಲಿತು ನಿಮಗೆ ಕಲಿಸುತ್ತಾರೆ. ನೀವು ಬರದಿದ್ದರೆ ಆ ಕುರ್ಚಿಯಲ್ಲಿ ಅವರೇ ಕೂರುತ್ತಾರೆ. ನಾನು ಟಪಾಲು ವಿಂಗಡಿಸುವ ಕೆಲಸದಲ್ಲಿದ್ದಾಗ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಐದನೆಯ ದಿನ ಹೋದರೆ ಟಪಾಲೆಲ್ಲ ವಿಂಗಡವಾಗಿತ್ತು, ನನ್ನ ಕುರ್ಚಿ ಖಾಲಿ ಇತ್ತು, ಮೇಲಧಿಕಾರಿ "ಜ್ವರ ಹೋಯ್ತಾ?" ಅಂದರು. ಜ್ವರ ಅಂತ ಹೇಳಿದ್ದು ಯಾರೋ ಗೊತ್ತಿಲ್ಲ. ನಾನು ತಲೆಯಾಡಿಸಿದೆ.

ಆದರೆ ಒಂಬತ್ತನೆಯ ತಿಂಗಳು ಬಂದೇ ಬಂತು. ಕೈ ಪಳಗಿತ್ತು, ಜನ ಪರಿಚಯವಾಗಿದ್ದರು, ಅಷ್ಟರಲ್ಲಿ ಸರದಿಯಲ್ಲಿದ್ದ ಮುಂದಿನವರಿಗೆ ಜಾಗ ಬಿಟ್ಟೆ. ನಿಯಮ ಗೊತ್ತಿದ್ದೇ ಹೋಗಿದ್ದೆ, ಆದರೂ ಹೊಟ್ಟೆ ಉರಿಯಿತು. ಮರುದಿನ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಫೋನ್ ಮತ್ತೆ ನನ್ನದಾಯಿತು. ಕಾಯಂ ಕೆಲಸಕ್ಕೂ ನೆರವು ಕೊಡುತ್ತಾರೆ, ಆದರೆ ಒತ್ತಾಯವಿಲ್ಲ. ಬೆಚ್ಚಗೆ ಕೂತವನಿಗೆ ಏಳಲು ಮನಸ್ಸಾಗುವುದಿಲ್ಲ ಅನ್ನುವುದು ನನ್ನ ವಿಷಯದಲ್ಲಂತೂ ನಿಜ.

ಇನ್ನು ಐಪಿಎಸ್. ಹೆಸರು ಕೇಳಿ ಪೊಲೀಸ್ ಅಧಿಕಾರಿ ನೆನಪಾದರೆ ತಪ್ಪು ನಿಮ್ಮದಲ್ಲ. ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್ ಅಂತ ಪೂರ್ತಿ ಹೆಸರು. ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ರೂಪಿಸಿದ ಪದ್ಧತಿ. ಇಲ್ಲಿ ಕ್ರಮವೇ ತಲೆಕೆಳಗು: ಮೊದಲು ಕೆಲಸ, ಕಲಿಯುವುದೆಲ್ಲ ಕೆಲಸದಲ್ಲೇ. ಕೆಲಸ ಬೇಕು ಅಂದರೆ ಸಾಕು, ಯೋಗ್ಯತೆಯ ಪರೀಕ್ಷೆಯಿಲ್ಲ. ಮೊದಲ ತಿಂಗಳೊಳಗೆ ಹುಡುಕಾಟ ಶುರುವಾಗಬೇಕು. ಕೆಲಸ ಹುಡುಕಲು ನೆರವಾಗುವ ಒಬ್ಬ ಕೋಚ್ ಕೈಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರಬಾರದು, ಆ ಕೋಚ್ ಚಿಕಿತ್ಸೆ ಕೊಡುವ ತಂಡದ ಜೊತೆಗೇ ಕೂರಬೇಕು. ಯುರೋಪಿನ ಆರು ಕೇಂದ್ರಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ 312 ಜನರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಪಿಎಸ್ ಗುಂಪಿನ ಶೇ 55 ಮಂದಿ ಕೆಲಸ ಹಿಡಿದರು. ಮಾಮೂಲಿ ತರಬೇತಿಯ ಗುಂಪಿನಲ್ಲಿ ಶೇ 28.

ನನ್ನ ಕೋಚ್ ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ತಗೊಂಡ ಮೇಲೆ ಎಷ್ಟು ಹೊತ್ತಿಗೆ ತಲೆ ತಿಳಿಯಾಗುತ್ತೆ?" ಹನ್ನೊಂದಕ್ಕೆ ಅಂದೆ. ಹಾಗಾದರೆ ಬೆಳಗಿನ ಶಿಫ್ಟು ಬೇಡ ಅಂತ ಬರೆದುಕೊಂಡರು. ಇಷ್ಟು ಸರಳ ಪ್ರಶ್ನೆಯನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮುಂದಿನ ಭೇಟಿಯಲ್ಲಿ ಒಂದು ಹಾಳೆಗೆ ನಡುವೆ ಗೆರೆ ಎಳೆದೆವು. ಕಾಯಿಲೆ ಬಗ್ಗೆ ಮಾಲೀಕರಿಗೆ ಏನು ಹೇಳಬಹುದು ಅನ್ನುವುದು ಒಂದು ಕಡೆ, ಏನು ಹೇಳಕೂಡದು ಅನ್ನುವುದು ಇನ್ನೊಂದು ಕಡೆ. ಏನೂ ಹೇಳದಿರುವುದೂ ನನ್ನ ಆಯ್ಕೆಯೇ. ಸಂಬಳ ಬಂದರೆ ಸಹಾಯಧನ ಎಷ್ಟು ಕಡಿತವಾಗುತ್ತದೆ ಅಂತ ಕೂಡಿ ಕಳೆದು ತೋರಿಸಿದರು. ಆ ಭಯಕ್ಕೇ ಮನೆಯಲ್ಲಿ ಉಳಿದವರು ನನಗೆ ಬಹಳ ಜನ ಗೊತ್ತು.

ಆರನೆಯ ವಾರಕ್ಕೆ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ. ಐದು ವಾರಕ್ಕೆ ಜಗಳವಾಡಿ ಎದ್ದು ಬಂದೆ. ದಾರಿಯಲ್ಲೇ ನಿಂತು ಕೋಚ್‌ಗೆ ಫೋನ್ ಮಾಡಿದೆ, ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗಲಿಲ್ಲ, ಜಗಳ ಹತ್ತಿದ್ದು ಎಷ್ಟು ಹೊತ್ತಿಗೆ, ಎಷ್ಟು ಜನ ಕೆಲಸ ಹೇಳುತ್ತಿದ್ದರು ಅಂತ ಕೇಳಿದರು. ಎರಡು ದಿನ ಬಿಟ್ಟು ನನ್ನ ಹಾಳೆಗೆ ಹೊಸ ಸಾಲು ಸೇರಿತು: 'ಒಬ್ಬರೇ ಮೇಲಧಿಕಾರಿ, ಕೌಂಟರ್ ಬೇಡ, ಕಾಗದದ ಕೆಲಸ ಹಿಡಿಸುತ್ತದೆ'. ಅದೇ ವಾರ ಮತ್ತೆ ಹುಡುಕಾಟ. ತರಬೇತಿ ಕೇಂದ್ರದಲ್ಲಿ ಒರೆಸಿ ಹಾಕಿದ್ದ ಮೂರು ವಾರದಂಥದ್ದೇ ಅನುಭವ ಇಲ್ಲಿ ಸುಳಿವಾಗಿ ಉಪಯೋಗಕ್ಕೆ ಬಂತು.

ಐಪಿಎಸ್‌ನ ಹುಳುಕೂ ಕಂಡಿದ್ದೇನೆ. ನಡುವೆ ಕೋಚ್ ಬದಲಾದರು. ಹೊಸಬರು ಬರುವವರೆಗೆ ಎರಡು ತಿಂಗಳು ನನ್ನ ಫೋನ್ ಎತ್ತುವವರಿರಲಿಲ್ಲ. ಸಿಗುವ ಕೆಲಸ ಹೆಚ್ಚಾಗಿ ಅರೆಕಾಲಿಕ, ಸಂಬಳ ಕೆಳಗಿನ ಮೆಟ್ಟಿಲಿನದು. ಕೆಲಸ ಮುಗಿಸಿ ಬಂದರೆ ಸಂಜೆ ಖಾಲಿ ಖಾಲಿ. ಅದಕ್ಕೇ ಕ್ಲಬ್‌ಹೌಸ್ ಸದಸ್ಯತ್ವ ಬಿಟ್ಟಿಲ್ಲ. ರಜಾ ದಿನ ಅಲ್ಲಿಗೆ ಹೋಗುತ್ತೇನೆ, ಫೋನ್ ಎತ್ತುತ್ತೇನೆ.

ಈಗ ಎರಡು ವರ್ಷದಿಂದ ಹಳೇ ಕಡತ ಸ್ಕ್ಯಾನ್ ಮಾಡುವ ಕೆಲಸ, ಮಧ್ಯಾಹ್ನದ ಪಾಳಿ, ಒಬ್ಬರೇ ಮೇಲಧಿಕಾರಿ. ಹೋದ ತಿಂಗಳು ಮೂರು ದಿನ ರಜೆ ಬೇಕಿತ್ತು. ಕೇಳಲು ಧೈರ್ಯ ಸಾಲದೆ ಕೋಚ್‌ಗೆ ಫೋನ್ ಮಾಡಿದೆ. "ನೀವೇ ಕೇಳಿ. ಇಲ್ಲ ಅಂದರೆ ನನಗೆ ಹೇಳಿ" ಅಂದರು. ಕೇಳಿದೆ. ಎರಡು ದಿನ ಕೊಟ್ಟರು.