ಹತ್ತು ವರ್ಷ ಎಕ್ಸ್‌ಎಫ್‌ಸಿಇ, ನಡುವೆ ಎಂಟು ತಿಂಗಳು ಹೊಸ ಡೆಸ್ಕ್‌ಟಾಪ್

ನನ್ನ ಪರದೆಯನ್ನು ಮೊದಲ ಸಲ ನೋಡಿದವರು ಕೇಳುವ ಪ್ರಶ್ನೆ ಒಂದೇ: "ಇದು ಯಾವ ಕಾಲದ್ದು?" ಮೇಲೊಂದು ಬೂದು ಪಟ್ಟಿ, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಲಿನಕ್ಸ್‌ನಲ್ಲಿ ಪಟ್ಟಿ, ಮೆನು, ವಿಂಡೋಗಳನ್ನೆಲ್ಲ ಒದಗಿಸುವ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್‌ನ 4.12 ಆವೃತ್ತಿ ಬಂದ 2015ರಲ್ಲಿ ಹೀಗೆ ಜೋಡಿಸಿಟ್ಟಿದ್ದು. ಆಮೇಲೆ ಲ್ಯಾಪ್‌ಟಾಪ್ ಮೂರು ಸಲ ಬದಲಾಯಿತು, ಲಿನಕ್ಸ್ ವಿತರಣೆ ಎರಡು ಸಲ ಬದಲಾಯಿತು. ಪ್ರತಿ ಸಲವೂ ಹಳೆಯ ಸೆಟ್ಟಿಂಗ್‌ಗಳ ಫೋಲ್ಡರನ್ನು ಹೊಸ ಯಂತ್ರಕ್ಕೆ ನಕಲು ಮಾಡಿದೆ, ಪಟ್ಟಿ ಇದ್ದಲ್ಲೇ ಬಂದು ಕುಳಿತಿತು.

4.12 ಆದ ಮೇಲೆ 4.14 ಬರಲು 2019ರ ಆಗಸ್ಟ್ ತನಕ ಕಾಯಬೇಕಾಯಿತು. ನಾಲ್ಕೂವರೆ ವರ್ಷ! ಯೋಜನೆಗೆ ಎಳ್ಳುನೀರು ಬಿಟ್ಟವರೂ ಇದ್ದರು. ನನಗಂತೂ ಆ ನಾಲ್ಕೂವರೆ ವರ್ಷ ನೆಮ್ಮದಿಯಾಗಿ ಕಳೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಗುಂಡಿಯೊಂದು ಸ್ಥಳಾಂತರಗೊಂಡಿದೆ ಎಂಬ ಭಯವೇ ಇರಲಿಲ್ಲ. ಅದರ ಕಡತ ನಿರ್ವಾಹಕ ಥುನಾರ್‌ನಲ್ಲಿ ಸ್ಕ್ಯಾನ್ ಮಾಡಿದ ನಾನೂರು ಪುಟಗಳನ್ನು ಒಟ್ಟಿಗೆ ಆಯ್ದು ಎಫ್2 ಒತ್ತಿದರೆ ಮರುನಾಮಕರಣದ ವಿಂಡೋ ತೆರೆಯುತ್ತದೆ: ಎಡಗಡೆ ಹಳೆಯ ಹೆಸರು, ಬಲಗಡೆ ಆಗಲಿರುವ ಹೊಸ ಹೆಸರು. ತಪ್ಪು ಇದ್ದರೆ ಗುಂಡಿ ಒತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ. ಈ ಒಂದು ವಿಂಡೋಗಾಗಿಯೇ ನಾನು ಬೇರೆ ಕಡೆ ಹೋದಾಗಲೆಲ್ಲ ಥುನಾರನ್ನು ಜೊತೆಗೆ ಒಯ್ದಿದ್ದೇನೆ. ಕೊರತೆಯೂ ಇದೆ. ಕೆಲವು ಥೀಮ್‌ಗಳಲ್ಲಿ ವಿಂಡೋದ ಅಂಚು ಎಷ್ಟು ತೆಳು ಎಂದರೆ, ಹಿಡಿದು ಎಳೆಯಲು ಸೂಜಿಗೆ ದಾರ ಪೋಣಿಸುವಷ್ಟು ತಾಳ್ಮೆ ಬೇಕು. ಆಲ್ಟ್ ಒತ್ತಿ ಬಲ ಗುಂಡಿಯಿಂದ ಎಳೆಯಬಹುದು ಎಂದು ನನಗೆ ಗೊತ್ತಾಗಿದ್ದು ಮೂರನೆಯ ವರ್ಷ.

ಹೀಗಿದ್ದವನು ಬೇರೆ ಕಡೆ ಹೋಗಿದ್ದಾದರೂ ಏಕೆ? ಚಪಲ, ಅಷ್ಟೇ. ಹೊಸದಾಗಿ ಹುಟ್ಟಿದ ಒಂದು ಡೆಸ್ಕ್‌ಟಾಪ್‌ನ ಚಿತ್ರಗಳನ್ನು ನೋಡಿ ಮರುಳಾದೆ. ಅದರ ಹೆಸರು ಹೇಳುವುದಿಲ್ಲ. ಬಿಡುವಿನ ವೇಳೆಯಲ್ಲಿ ಬೆರಳೆಣಿಕೆಯ ಜನ ಕಟ್ಟುತ್ತಿರುವ ಕೆಲಸ, ಈ ಬರಹದಲ್ಲಿ ಹೆಸರಿಸಿದ ಯಾವುದೂ ಅಲ್ಲ. ಮೊದಲ ವಾರ ನಿಜಕ್ಕೂ ಹಬ್ಬ. ವಿಂಡೋಗಳು ತಾವಾಗಿಯೇ ಅಕ್ಕಪಕ್ಕ ಜೋಡಿಸಿಕೊಳ್ಳುತ್ತಿದ್ದವು, ಎರಡು ಪರದೆಗಳಿಗೆ ಬೇರೆ ಬೇರೆ ಅಳತೆ ಕೊಟ್ಟರೂ ಅಕ್ಷರ ಮಸುಕಾಗುತ್ತಿರಲಿಲ್ಲ. ಈ ಎರಡನೆಯದು, ವಿಂಡೋಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆ ನಿಂತ ನನ್ನ ಏರ್ಪಾಡಿನಲ್ಲಿ ಎಂದೂ ಸರಿಯಾಗಿ ಕೂಡಿಬಂದಿರಲಿಲ್ಲ.

ಎರಡನೆಯ ತಿಂಗಳು ಒಂದು ಸಂಜೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಹೊರಗೆ ಹೋದೆ. ಬಂದು ತೆರೆದರೆ ಕಪ್ಪು ಪರದೆ, ನಡುವೆ ಬಿಳಿ ಬಾಣ. ಬಾಣ ಓಡಾಡುತ್ತದೆ, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಮಾತ್ರ ಬರುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯದ ಕನ್ಸೋಲ್‌ಗೆ ಹೋಗಿ ಆ ಡೆಸ್ಕ್‌ಟಾಪ್‌ನ ಕಾಂಪೋಸಿಟರನ್ನು, ಅಂದರೆ ವಿಂಡೋಗಳನ್ನೆಲ್ಲ ಕೂಡಿಸಿ ಪರದೆಗೆ ಬಿಡಿಸುವ ತಂತ್ರಾಂಶವನ್ನು, ಕೊಂದೆ. ಅದರ ಹಿಂದೆಯೇ ತೆರೆದಿದ್ದ ಎಲ್ಲವೂ ಹೋಯಿತು, ಉಳಿಸದೆ ಬಿಟ್ಟಿದ್ದ ಎರಡು ಪುಟದ ಬರಹವೂ.

ಉಳಿಸದಿದ್ದುದು ನನ್ನ ತಪ್ಪೇ. ಆದರೆ ಎಲ್ಲವೂ ಒಟ್ಟಿಗೆ ಸತ್ತದ್ದರಲ್ಲಿ ಒಂದು ಪಾಠವಿತ್ತು. ಎಕ್ಸ್11ರಲ್ಲಿ ಪರದೆಯನ್ನು ಆಳುವ ಸರ್ವರ್ ಬೇರೆ, ವಿಂಡೋಗಳನ್ನು ಜೋಡಿಸಿಡುವ ವಿಂಡೋ ಮ್ಯಾನೇಜರ್ ಬೇರೆ. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಕುಸಿದರೆ ವಿಂಡೋಗಳ ತಲೆಪಟ್ಟಿ ಮಾಯವಾಗುತ್ತದೆ, ಒಳಗಿನ ಕೆಲಸ ಹಾಗೆಯೇ ಇರುತ್ತದೆ. ಟರ್ಮಿನಲ್‌ನಿಂದ ಒಂದು ಸಾಲಿನ ಆದೇಶ ಕೊಟ್ಟರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಹೊಸ ಡೆಸ್ಕ್‌ಟಾಪ್ ನಿಂತಿದ್ದು ಎಕ್ಸ್11ರ ಜಾಗಕ್ಕೆ ಬರಲೆಂದು 2008ರಲ್ಲಿ ಆರಂಭವಾದ ವೇಲ್ಯಾಂಡ್ ಮೇಲೆ. ಅದರಲ್ಲಿ ಈ ಎರಡೂ ಕೆಲಸ ಕಾಂಪೋಸಿಟರ್ ಎಂಬ ಒಬ್ಬನ ಹೆಗಲಿಗೆ ಬಿದ್ದಿವೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ: ಒಂದು ತಂತ್ರಾಂಶ ಇನ್ನೊಂದರ ಕೀಲಿ ಒತ್ತುಗಳನ್ನು ಕದ್ದು ನೋಡುವಂತಿಲ್ಲ. ಆದರೆ ಪರದೆ ಹಂಚಿಕೊಳ್ಳುವುದು, ಬಣ್ಣ ಹೆಕ್ಕುವುದು, ಕಣ್ಣು ಕಾಣದವರ ಪರದೆ ಓದುಗಕ್ಕೆ ಕೀಲಿಗಳನ್ನು ತಲುಪಿಸುವುದು, ಇವೆಲ್ಲಕ್ಕೂ ಈಗ ಪ್ರತಿಯೊಂದು ಡೆಸ್ಕ್‌ಟಾಪ್ ತಾನೇ ದಾರಿ ಮಾಡಿಕೊಡಬೇಕು. ಡಬ್ಲ್ಯುಎಲ್‌ರೂಟ್ಸ್, ಸ್ಮಿಥೇ ತರಹದ ಲೈಬ್ರರಿಗಳು ಅಡಿಪಾಯ ಹಾಕಿಕೊಡುತ್ತವೆ, ಮನೆ ಕಟ್ಟಿಕೊಡುವುದಿಲ್ಲ.

ಕನ್ನಡ ಟೈಪಿಸುವ ನನಗೆ ಇದು ದಿನವೂ ತಟ್ಟಿತು. "ಸ್ತ್ರೀ" ಎಂದು ಬರೆಯಲು ಹೊರಟರೆ ಅರ್ಧ ಅಕ್ಷರ ಬರೆಯುವ ಜಾಗದಲ್ಲಿ, ಇನ್ನರ್ಧ ಪರದೆಯ ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿ. ಕೀಲಿ ಒತ್ತುಗಳನ್ನು ಕನ್ನಡ ಅಕ್ಷರವಾಗಿಸುವ ಐಬಸ್ ಚೆನ್ನಾಗಿಯೇ ಇತ್ತು; ಅದರ ಮತ್ತು ಬರೆಯುವ ತಂತ್ರಾಂಶದ ನಡುವೆ ಮಾತು ದಾಟಿಸಬೇಕಾದ ಕಾಂಪೋಸಿಟರ್‌ನಲ್ಲಿ ಆ ಭಾಗವನ್ನು ಯಾರೂ ಪೂರ್ತಿ ಬರೆದಿರಲಿಲ್ಲ. ದೂರು ದಾಖಲಿಸಿದೆ. "ಸಹಾಯ ಮಾಡುವವರಿದ್ದರೆ ಸ್ವಾಗತ" ಎಂಬ ಸೌಜನ್ಯದ ಉತ್ತರ ಬಂತು. ಅದೇ ವಾರ ಬಂದ ಆವೃತ್ತಿಯಲ್ಲಿ ವಿಂಡೋಗಳ ಮೂಲೆ ಇನ್ನಷ್ಟು ದುಂಡಗಾಗಿತ್ತು.

ಹಾಗಾದರೆ ಹೊಸ ಡೆಸ್ಕ್‌ಟಾಪ್ ಬೇಡವೇ? ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. 1996ರ ಅಕ್ಟೋಬರಿನಲ್ಲಿ ಮಥಿಯಾಸ್ ಎಟ್ರಿಕ್ ಕೆಡಿಇ ಎಂಬ ಡೆಸ್ಕ್‌ಟಾಪನ್ನು ಘೋಷಿಸಿದಾಗ ಅದು ನಿಂತಿದ್ದ ಕ್ಯೂಟಿ ಎಂಬ ಲೈಬ್ರರಿ ಮುಕ್ತ ಪರವಾನಗಿಯಲ್ಲಿರಲಿಲ್ಲ. ಮರುವರ್ಷ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹುಟ್ಟಲು ಅದೇ ಕಾರಣ. 2011ರಲ್ಲಿ ಗ್ನೋಮ್ 3 ಹಳೆಯ ಮೆನು, ಪಟ್ಟಿಗಳನ್ನು ಕೈಬಿಟ್ಟಾಗ ಒಗ್ಗದವರಿಗಾಗಿ ಮಾಟೆ, ಸಿನಮನ್ ಬಂದವು. ಗ್ನೋಮ್ ಮೇಲೆ ತನ್ನ ವಿಸ್ತರಣೆಗಳನ್ನು ಹೊದಿಸಿ ನಡೆಸುತ್ತಿದ್ದ ಸಿಸ್ಟಂ76 ಸಂಸ್ಥೆ ಕಾಸ್ಮಿಕ್ ಎಂಬ ಸ್ವಂತ ಡೆಸ್ಕ್‌ಟಾಪನ್ನು ರಸ್ಟ್ ಭಾಷೆಯಲ್ಲಿ ಬುಡದಿಂದ ಬರೆಯಿತು. 2024ರ ಆಗಸ್ಟ್‌ನಲ್ಲಿ ಮೊದಲ ಆಲ್ಫಾ, 2025ರ ಡಿಸೆಂಬರಿನಲ್ಲಿ ಸ್ಥಿರ ಆವೃತ್ತಿ. ಅಲ್ಲಿ ಸಂಬಳ ಪಡೆದು ಕೆಲಸ ಮಾಡುವ ಎಂಜಿನಿಯರುಗಳಿದ್ದಾರೆ. ನನ್ನ ದೂರಿಗೆ ಉತ್ತರ ಬರೆದವರಿಗೆ ಆ ಅನುಕೂಲವಿರಲಿಲ್ಲ.

"ಅಷ್ಟು ಜನ ಕೆಡಿಇಗೆ ಬಂದು ದೋಷ ತಿದ್ದಬಾರದೇ?" ಎಂಬ ವಾದವನ್ನು ನಾನು ನಂಬುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಸ್ವಂತ ಕಾಂಪೋಸಿಟರ್ ಬರೆಯುವವನನ್ನು ಬೇರೆಯವರ ಪ್ರಿಂಟರ್ ಸಂವಾದ ಪೆಟ್ಟಿಗೆ ತಿದ್ದಲು ಕೂರಿಸಿದರೆ ಅವನು ನಿದ್ದೆ ಮಾಡುತ್ತಾನೆ. ಆದರೆ ಬಳಸುವವರನ್ನು ಕರೆಯುವ ಮುನ್ನ ಇನ್‌ಪುಟ್, ಪರದೆ ಓದುಗ, ನಿದ್ರೆಯಿಂದ ಏಳುವುದು, ಈ ಮೂರು ಎಲ್ಲಿಗೆ ಬಂದಿವೆ ಎಂದು ಮುಖಪುಟದಲ್ಲಿ ಚಿತ್ರಗಳ ಪಕ್ಕದಲ್ಲೇ ಬರೆದಿದ್ದರೆ ನನ್ನ ಎಂಟು ತಿಂಗಳು ಎರಡು ದಿನದಲ್ಲಿ ಮುಗಿಯುತ್ತಿತ್ತು.

ಮತ್ತೆ ಎಕ್ಸ್‌ಎಫ್‌ಸಿಇಗೆ ಮರಳಿದ್ದೇನೆ. ಅದೂ ಈ ಕಷ್ಟದಿಂದ ಪಾರಾಗಿಲ್ಲ: 2024ರ ಡಿಸೆಂಬರಿನ 4.20ರಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿತ್ತು, ಅದೂ ಲ್ಯಾಬ್‌ಡಬ್ಲ್ಯುಸಿ ಅಥವಾ ವೇಫೈರ್ ಎಂಬ ಎರವಲು ಕಾಂಪೋಸಿಟರ್ ಮೇಲೆ. ಎರಡು ಪರದೆಗಳ ಅಳತೆಯ ತಾಪತ್ರಯ ಹಾಗೆಯೇ ಇದೆ. ದೊಡ್ಡ ಪರದೆಯಲ್ಲಿ ಅಕ್ಷರ ಸರಿಹೊಂದಿಸಿದರೆ ಚಿಕ್ಕದರಲ್ಲಿ ಊದಿಕೊಳ್ಳುತ್ತದೆ.

ಹೊಸದನ್ನು ಅಳಿಸಿಲ್ಲ. ಡಿಸ್ಕಿನ ಇನ್ನೊಂದು ವಿಭಾಗದಲ್ಲಿದೆ. ಆವೃತ್ತಿ ಬಂದಾಗಲೆಲ್ಲ ಹಾಕಿಕೊಂಡು "ಸ್ತ್ರೀ" ಎಂದು ಟೈಪಿಸಿ, ಮುಚ್ಚಳ ಮುಚ್ಚಿ ತೆರೆಯುತ್ತೇನೆ. ಕಳೆದ ಸಲ ಹತ್ತರಲ್ಲಿ ಎಂಟು ಬಾರಿ ಪಾಸ್‌ವರ್ಡ್ ಪೆಟ್ಟಿಗೆ ಬಂತು. "ಸ್ತ್ರೀ" ಇನ್ನೂ ಮೂಲೆಯಲ್ಲೇ ಒಡೆದುಕೊಳ್ಳುತ್ತಿದೆ.