ಸೈಗಾನಿನ ಬೆಳಗಿನ ಬಟ್ಟಲು: ಫೋ ಮತ್ತು ಬುನ್ ಬೊ ಹುಯೆ, ಒಂದು ಹೋಲಿಕೆ

ವಿಯೆಟ್ನಾಮಿನ ನೂಡಲ್ಸ್ ಸಾರು ಎಂದರೆ ಹೊರಗಿನವರಿಗೆಲ್ಲ ಫೋ ಒಂದೇ ನೆನಪಾಗುತ್ತದೆ. ಕೆಲಸದ ನಿಮಿತ್ತ ಹೊ ಚಿ ಮಿನ್ ನಗರದಲ್ಲಿ, ಅಂದರೆ ಅಲ್ಲಿಯವರು ಇಂದಿಗೂ ಸೈಗಾನ್ ಎನ್ನುವ ಊರಿನಲ್ಲಿ, ನೆಲೆಸಿರುವ ನನ್ನ ಬೆಳಗಿನ ದುಡ್ಡು ಮಾತ್ರ ಹುಯೆ ಊರಿನ ಖಾರದ ನೂಡಲ್ಸ್ ಸಾರಾದ ಬುನ್ ಬೊ ಹುಯೆಗೇ ಹೆಚ್ಚು ಹೋಗುತ್ತದೆ. ನಗರದ ನಡುಭಾಗದ ಹವಾನಿಯಂತ್ರಿತ ಅಂಗಡಿಯೊಂದರಲ್ಲಿ ಒಂದು ಲಕ್ಷ ಡಾಂಗ್‌ಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 350 ರೂಪಾಯಿ, ತೆತ್ತು ತಿಂದ ಫೋ ತೀರ ನಿರಾಸೆ ಮಾಡಿದ ಮೇಲೆ ಈ ಪಕ್ಷಪಾತ ಇನ್ನಷ್ಟು ಗಟ್ಟಿಯಾಯಿತು. ಆದ್ದರಿಂದ ಮುಂದಿನದನ್ನು ತಟಸ್ಥ ತೀರ್ಪೆಂದು ಯಾರೂ ಓದಬೇಕಾಗಿಲ್ಲ.

1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಹುಯೆ, ದೇಶದ ಮಧ್ಯಭಾಗದ ಊರು. ಅಲ್ಲಿಯ ಈ ಸಾರು ದನದ ಕಾಲಿನ ಮಾಂಸ, ಹಂದಿಯ ಕಾಲು, ಜಜ್ಜಿದ ಮಜ್ಜಿಗೆ ಹುಲ್ಲು ಮತ್ತು ಮಾಮ್ ರುಒಕ್ ಎಂಬ ಹುಳಿಬರಿಸಿದ ಸಣ್ಣ ಸಿಗಡಿಯ ಮುದ್ದೆಯಿಂದ ಆಗುತ್ತದೆ. ಅನ್ನಾಟೊ ಬೀಜದ ಎಣ್ಣೆಯಲ್ಲಿ ಬಾಡಿಸಿದ ಮೆಣಸಿನ ಕೆಂಪು ಹನಿಗಳು ಮೇಲೆ ತೇಲುತ್ತಿರುತ್ತವೆ. ಚಮಚದಿಂದ ಅವನ್ನು ಬದಿಗೆ ಸರಿಸಿದರೆ ಕೆಳಗಿನ ಸಾರು ತಿಳಿಯಾಗಿ ಕಾಣುತ್ತದೆ, ಮತ್ತು ಮೊದಲು ಮೂಗಿಗೆ ಬಡಿಯುವುದು ಮಜ್ಜಿಗೆ ಹುಲ್ಲಿನ ಪರಿಮಳ. ಮಾಮ್ ರುಒಕ್‌ನ ವಾಸನೆ ಅದರ ಹಿಂದೆ ಬರುತ್ತದೆ. ಒಣಸಿಗಡಿ ಚಟ್ನಿ ಉಂಡು ಬೆಳೆದ ಕರಾವಳಿಯವನಾದ ನನಗೆ ಆ ವಾಸನೆ ತೊಡಕಾಗಲಿಲ್ಲ. ಘಟ್ಟದ ಮೇಲಿನ ನನ್ನ ಸಹೋದ್ಯೋಗಿಯೊಬ್ಬರು ಅದಕ್ಕಾಗಿಯೇ ಅಂಗಡಿಯ ಹೊರಗೆ ನಿಲ್ಲುತ್ತಾರೆ. ಬುನ್ ಎಂಬುದು ನಮ್ಮ ಒತ್ತುಶ್ಯಾವಿಗೆಯಂತೆಯೇ ಅಕ್ಕಿಹಿಟ್ಟನ್ನು ತೂತುಗಳ ಮೂಲಕ ಒತ್ತಿ ತೆಗೆದ ದುಂಡನೆಯ ಎಳೆ. ಹುಯೆಯ ಸಾರಿಗೆ ಅದರಲ್ಲಿಯೂ ದಪ್ಪನೆಯದನ್ನೇ ಹಾಕುತ್ತಾರೆ. ನಾನು ನಿಧಾನವಾಗಿ ತಿನ್ನುವವನು. ಫೋದ ಚಪ್ಪಟೆ ಎಳೆಗಳು ಅಷ್ಟರಲ್ಲಿ ಸಾರು ಹೀರಿ ಮೆತ್ತಗಾಗಿಬಿಡುತ್ತವೆ, ಇವು ಕೊನೆಯ ತುತ್ತಿನವರೆಗೂ ಬಿಗಿಯಾಗಿರುತ್ತವೆ. ಜೊತೆಗೆ ಎಳೆಎಳೆಯಾಗಿ ಹೆಚ್ಚಿದ ಬಾಳೆಹೂ ಕೊಡುತ್ತಾರೆ. ಬಟ್ಟಲಲ್ಲಿ ಹೆಪ್ಪುಗಟ್ಟಿಸಿದ ಹಂದಿರಕ್ತದ ಕಂದು ತುಂಡೊಂದು ಇರುವುದು ವಾಡಿಕೆ. ಬೇಡವಾದವರು ‘ಖೋಂಗ್ ಹುಯೆತ್’ ಎಂದು ಮುಂಚಿತವಾಗಿ ಹೇಳಿದರೆ ಸಾಕು.

ಇನ್ನು ಸೈಗಾನಿನ ಫೋ. ಚಕ್ಕೆ, ಅನಾನಸ್ ಹೂವು, ಲವಂಗ, ಸುಟ್ಟ ಶುಂಠಿ ಮತ್ತು ಈರುಳ್ಳಿಯೊಂದಿಗೆ ಗಂಟೆಗಟ್ಟಲೆ ಕುದಿಸಿದ ಮೂಳೆಸಾರಿನ ಬಗ್ಗೆ ನನ್ನ ತಕರಾರಿಲ್ಲ. ಕಲ್ಲುಸಕ್ಕರೆಯ ಸಿಹಿ ದಕ್ಷಿಣದಲ್ಲಿ ತುಸು ಹೆಚ್ಚು, ಅಷ್ಟೇ. ತಕರಾರಿರುವುದು ಅದರ ಜೊತೆಗೆ ಬರುವ ಹಸಿರು ತಟ್ಟೆಯ ಬಗ್ಗೆ. ಥಾಯ್ ತುಳಸಿ, ಗರಗಸದಂಚಿನ ಉದ್ದೆಲೆಯ ಕೊತ್ತಂಬರಿ, ನಿಂಬೆಹೋಳು, ಹಸಿಮೆಣಸು, ಇವೆಲ್ಲದರ ನಡುವೆ ಗುಡ್ಡೆಯಾಗಿ ಹೆಸರುಕಾಳಿನ ಹಸಿ ಮೊಳಕೆ. ಹೇಳಿದ ದುಬಾರಿ ಅಂಗಡಿಯಲ್ಲಿ ಈ ಮೊಳಕೆ ನೇರವಾಗಿ ಫ್ರಿಜ್ಜಿನಿಂದ ಬಂದಿತ್ತು. ಬೆರಳಿಗೆ ತಣ್ಣೀರು ಅಂಟುತ್ತಿತ್ತು.

ಇದು ಸಣ್ಣ ಸಂಗತಿಯೆಂದು ತೋರಬಹುದು, ಆದರೆ ‘ತಾಯ್’ ಎಂಬ ಬಗೆಯ ಫೋದಲ್ಲಿ ಕಾಗದದಷ್ಟು ತೆಳುವಾಗಿ ಕೊಯ್ದ ಹಸಿ ಮಾಂಸದ ಮೇಲೆ ಕುದಿಯುವ ಸಾರನ್ನು ಸುರಿಯುತ್ತಾರೆ, ಆ ಬಿಸಿಯಲ್ಲಿಯೇ ಅದು ಬಟ್ಟಲಿನಲ್ಲಿ ಬೇಯಬೇಕು. ಅದರ ಮೇಲೆ ಒಂದು ಹಿಡಿ ತಣ್ಣನೆಯ ಮೊಳಕೆ ಬಿದ್ದೊಡನೆ ಸಾರಿನ ಕಾವು ಇಳಿಯುತ್ತದೆ, ಮಾಂಸ ಅರೆಬೆಂದು ಅಲ್ಲಿಯೇ ನಿಲ್ಲುತ್ತದೆ, ಮೇಲಿನ ಕೊಬ್ಬು ಆರುತ್ತಾ ತುಟಿಗೆ ಮೇಣದಂತೆ ಹತ್ತತೊಡಗುತ್ತದೆ; ತಲೆಯ ಮೇಲೆ ಹವಾನಿಯಂತ್ರಕವಿದ್ದರೆ ಇನ್ನೂ ಬೇಗ. ಆರಿದ ಸಾರಿಗೆ ರುಚಿ ಕಡಿಮೆಯೆನಿಸಿ ಗಿರಾಕಿ ಹಾಯ್ಸಿನ್ ಸಾಸ್ ಸುರಿಯುತ್ತಾನೆ, ಸಿಹಿ ಹೆಚ್ಚಾಯಿತೆಂದು ಮೆಣಸಿನ ಸಾಸ್ ಸುರಿಯುತ್ತಾನೆ. ರಾತ್ರಿಯಿಡೀ ಕುದಿಸಿದ ಸಾರು ಕೊನೆಗೆ ಬಾಟಲಿಯ ರುಚಿಗೆ ಬಂದು ನಿಲ್ಲುತ್ತದೆ.

ಪರಿಹಾರ ಇಲ್ಲವೆಂದಲ್ಲ. ‘ಯಾ ತ್ರುಂಗ್’ ಎಂದು ಕೇಳಿದರೆ ಮೊಳಕೆಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಯಾಗಿಯೇ ಕೊಡುತ್ತಾರೆ. ಸೊಪ್ಪನ್ನು ಒಮ್ಮೆಲೇ ತುರುಕದೆ, ತಿನ್ನುತ್ತಾ ಹೋದಂತೆ ಎರಡೆರಡು ಎಲೆ ಹರಿದು ಹಾಕಿಕೊಳ್ಳುವುದು ಲೇಸು. ಸಾಸ್‌ಗಳನ್ನು ಸಣ್ಣ ಬಟ್ಟಲಿಗೆ ಹಾಕಿಕೊಂಡು ಮಾಂಸವನ್ನು ಮಾತ್ರ ಅದರಲ್ಲಿ ಅದ್ದಬೇಕು. ಹಸಿ ಮಾಂಸದ ಬದಲು ‘ಚಿನ್’, ಅಂದರೆ ಮೊದಲೇ ಬೇಯಿಸಿದ ಮಾಂಸ, ಕೇಳಿದರೆ ತಲೆನೋವೇ ಇರುವುದಿಲ್ಲ. ಆದರೆ ಬೆಳಗ್ಗೆ ಏಳು ಗಂಟೆಗೆ, ನೂಕುನುಗ್ಗಲಿನ ಅಂಗಡಿಯಲ್ಲಿ, ಇಷ್ಟೊಂದು ಷರತ್ತು ಹಾಕಿ ತಿಂಡಿ ತಿನ್ನುವ ತಾಳ್ಮೆ ನನಗಿಲ್ಲ.

ಹನೋಯ್‌ನ ಫೋಗೆ ಈ ತೊಡಕೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹನೋಯ್ ಮತ್ತು ನಾಮ್ ದಿನ್ಹ್ ಸೀಮೆಯಲ್ಲಿ ರೂಪುಗೊಂಡ ಈ ತಿನಿಸು, 1954ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಉತ್ತರದವರು ದಕ್ಷಿಣಕ್ಕೆ ಬಂದಾಗ ಸೈಗಾನಿನಲ್ಲಿ ಬೇರುಬಿಟ್ಟು, ಇಲ್ಲಿಯ ಸೊಪ್ಪುಸದೆಯನ್ನೂ ಸಿಹಿಯನ್ನೂ ಮೈಗೂಡಿಸಿಕೊಂಡಿತು. ಉತ್ತರದಲ್ಲಿ ಉಳಿದದ್ದು ತಿಳಿಸಾರು, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ ನೆನೆಸಿದ ವಿನೆಗರ್, ಅದ್ದಿಕೊಳ್ಳಲು ಕರಿದ ಹಿಟ್ಟಿನ ಕಡ್ಡಿ. ಯುದ್ಧಕಾಲದಲ್ಲಿ ಮಾಂಸಕ್ಕೆ ಬರ ಬಂದಾಗ ಬರಿಯ ಸಾರು ಮತ್ತು ನೂಡಲ್ಸ್ ಬಡಿಸುತ್ತಿದ್ದ ಸರ್ಕಾರಿ ಅಂಗಡಿಗಳ ಫೋವನ್ನು, ಅಮೆರಿಕದ ಮಾನವರಹಿತ ವಿಮಾನಗಳನ್ನು ನೆನೆದು, ಜನ ‘ಚಾಲಕನಿಲ್ಲದ ಫೋ’ ಎಂದು ಆಡಿಕೊಳ್ಳುತ್ತಿದ್ದರಂತೆ. ದನದ ಮಾಂಸ ಬೇಡವೆನ್ನುವವರಿಗೆ ಕೋಳಿಯ ‘ಫೋ ಗಾ’ ಇದೆ; ಚಳಿಗಾಲದ ಹನೋಯ್‌ನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದಕ್ಕೆ ಖಾರ ನಾವೇ ಸೇರಿಸಿಕೊಳ್ಳಬೇಕು, ನನ್ನ ನಾಲಿಗೆಗೆ ಸಾರಿನೊಳಗೇ ಬೆಂದ ಖಾರ ಬೇಕು.

ರುಚಿಯೊಂದನ್ನೇ ನೋಡುವುದಾದರೆ ಬುನ್ ಬೊ ಹುಯೆಗೆ ನಿಜವಾದ ಪೈಪೋಟಿ ಕೊಡುವುದು ವಿಯೆಟ್ನಾಮಿನ ಹೊರಗಿನ ಬಟ್ಟಲು, ಮಲೇಷ್ಯಾದ ಪೆನಾಂಗ್‌ನ ಅಸಾಮ್ ಲಕ್ಸಾ ಎಂಬ ಹುಳಿ ನೂಡಲ್ಸ್ ಸಾರು. ಅದರಲ್ಲಿ ಬೀಳುವುದು ನಮ್ಮ ಬಂಗುಡೆಯೇ. ಹುಳಿಗೆ ಹುಣಸೆಯೊಂದಿಗೆ ಹಾಕುವ ಅಸಾಮ್ ಗೆಲುಗೋರ್ ಎಂಬ ಒಣಗಿಸಿದ ಹಣ್ಣಿನ ಹೋಳು, ಮಲೆನಾಡಿನ ಉಪ್ಪಾಗೆ ಮತ್ತು ಕರಾವಳಿಯ ಪುನರ್ಪುಳಿಯ ಕುಲಕ್ಕೇ ಸೇರಿದ್ದು. ಮೇಲೆ ಪುದೀನ, ಅನಾನಸ್, ಕಪ್ಪು ಸಿಗಡಿಮುದ್ದೆ. ಆದರೆ ವಿಮಾನ ಹತ್ತಿ ಹೋಗಿ ತಿನ್ನಬೇಕಾದದ್ದು ದಿನದ ತಿಂಡಿಯಾಗಲಾರದು. ಸಿಂಗಪುರದ ತೆಂಗಿನ ಹಾಲಿನ ಲಕ್ಸಾ ನನಗೆ ಅರ್ಧ ಬಟ್ಟಲಿಗೇ ಸಾಕೆನಿಸುತ್ತದೆ.

ಹೀಗಾಗಿ ಲೆಕ್ಕ ಸರಳ. ಕಚೇರಿಯ ಹಿಂದಿನ ಓಣಿಯಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ತಿನ್ನುವ ಬುನ್ ಬೊ ಹುಯೆಗೆ 50,000 ಡಾಂಗ್, ಸುಮಾರು 170 ರೂಪಾಯಿ, ಮಧ್ಯಾಹ್ನದವರೆಗೆ ಹಸಿವಿಲ್ಲ. ಊರಿನಿಂದ ನೆಂಟರು ಬಂದರೆ ಅವರನ್ನು ಫೋ ಬಿನ್ಹ್ ಅಂಗಡಿಗೆ ಕರೆದೊಯ್ಯುತ್ತೇನೆ. 1968ರಲ್ಲಿ ಕಮ್ಯುನಿಸ್ಟ್ ಪಡೆಗಳು ಸೈಗಾನಿನ ಮೇಲೆ ನಡೆಸಿದ ಟೆಟ್ ದಾಳಿಯ ಯೋಜನೆ ಅದರ ಮಹಡಿಯಲ್ಲಿ ನಡೆದಿತ್ತೆಂಬ ಕಥೆಯೊಂದಿಗೆ ಫೋ ಚೆನ್ನಾಗಿಯೇ ಇಳಿಯುತ್ತದೆ.

ಮಾಂಸ ಮುಟ್ಟದವರು ಮಾಮೂಲಿ ಅಂಗಡಿಯಲ್ಲಿ ‘ಮಾಂಸ ಬೇಡ’ ಎಂದು ಹೇಳಿ ಕೂರಬಾರದು, ಏಕೆಂದರೆ ತುಂಡುಗಳನ್ನು ಮಾತ್ರ ತೆಗೆದು ಅದೇ ಮೂಳೆಸಾರನ್ನು ಬಡಿಸುತ್ತಾರೆ. ‘ಚಾಯ್’ ಎಂಬ ಫಲಕವಿರುವ ಬೌದ್ಧ ಸಸ್ಯಾಹಾರದ ಅಂಗಡಿಯನ್ನೇ ಹುಡುಕಬೇಕು. ಅನೇಕ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಊರಿನ ಬಹಳ ಮಂದಿ ಸಸ್ಯಾಹಾರ ಹಿಡಿಯುವುದರಿಂದ ಅಂದು ಬೇಗ ಹೋಗುವುದು ಒಳ್ಳೆಯದು. ಅಲ್ಲಿಯೂ ಫೋ ಚಾಯ್‌ಗಿಂತ ಬುನ್ ಬೊ ಹುಯೆ ಚಾಯ್ ಮೇಲು: ಮೂಳೆಯಿಲ್ಲದ ಫೋ ಸಪ್ಪೆಯಾಗುತ್ತದೆ, ಇದನ್ನು ಮಜ್ಜಿಗೆ ಹುಲ್ಲು ಮತ್ತು ಮೆಣಸು ಎತ್ತಿಹಿಡಿಯುತ್ತವೆ.